ಕೈ ಬೀಸೋದು ಆಮೇಲೆ, ಮೊದಲು ಬರೆಯೋದು ಕಲಿ

ಪ್ರಶ್ನೆ: ಸರ್, ನಾನು ಬಿ.ಕಾಂ ಕೊನೆ ವರ್ಷ ಓದುತ್ತಿದ್ದೇನೆ. ಊರಿನ ಭಜನೆ ತಂಡದಲ್ಲಿ ಪೇಟಿ ನುಡಿಸುತ್ತೇನೆ, ಗಣಪತಿ ಹಬ್ಬದಲ್ಲಿ ಆರ್ಕೆಸ್ಟ್ರಾದವರ ಜೊತೆ ಕೀಬೋರ್ಡ್ ನುಡಿಸುತ್ತೇನೆ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡಬೇಕು, ದೊಡ್ಡ ವಾದ್ಯವೃಂದದ ಮುಂದೆ ನಿಂತು ಕಂಡಕ್ಟ್ ಮಾಡಬೇಕು ಅಂತ ಆಸೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಾರೆ. ಗೆಳೆಯರು, ಎಲ್ಲಾ ಕಂಪ್ಯೂಟರ್‌ನಲ್ಲೇ ಆಗುತ್ತೆ, ಕೋಲು ಆಡಿಸೋನು ಯಾಕೆ ಬೇಕು ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
- ಓದುಗ, ಶಹಾಬಾದ್

ಉತ್ತರ: ತಮ್ಮಾ, ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಪೆಂಡಾಲ್‌ನಲ್ಲಿ ಸಿನಿಮಾ ಹಾಡು ಹಾಡೋ ತಂಡ. ನೀನು ಕೇಳುತ್ತಿರೋದು ಬೇರೆಯದು. ಸಿಂಫನಿ ಆರ್ಕೆಸ್ಟ್ರಾದಲ್ಲಿ ಎಂಬತ್ತು, ನೂರು ಜನ ಕೂತಿರುತ್ತಾರೆ, ಎಲ್ಲರ ಮುಂದೆಯೂ ಕಾಗದ ಇರುತ್ತೆ, ಆ ಕಾಗದದಲ್ಲಿ ಇದ್ದದ್ದನ್ನೇ ನುಡಿಸುತ್ತಾರೆ. ನಾವು ಭಜನೆಯಲ್ಲಿ ಒಬ್ಬರು ಹಾಡಿದ್ದನ್ನು ಕಿವಿಯಲ್ಲಿ ಹಿಡಿದು ಹಿಂದೆ ಹೋಗುತ್ತೇವಲ್ಲ, ಅದು ಅಲ್ಲಿ ನಡೆಯಲ್ಲ. ಹಾಗಾಗಿ ನಿನ್ನ ಮೊದಲ ಕೆಲಸ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ, ಓದೋದು, ಬರೆಯೋದು. ಟ್ರಿನಿಟಿ ಕಾಲೇಜ್ ಲಂಡನ್‌ನ ಥಿಯರಿ ಪರೀಕ್ಷೆಗಳು ಗ್ರೇಡ್ 1ರಿಂದ 8ರ ತನಕ ಇವೆ, ನಮ್ಮ ದೇಶದಲ್ಲೇ ಕೂತು ಬರೆಯಬಹುದು. ಮ್ಯೂಸ್‌ಸ್ಕೋರ್ ಅನ್ನೋ ಸ್ವರಲಿಪಿ ಬರೆಯೋ ತಂತ್ರಾಂಶ ಉಚಿತವಾಗಿ ಸಿಗುತ್ತೆ, ಇವತ್ತೇ ಹಾಕಿಕೋ.

ಪೇಟಿ ಬರುತ್ತೆ ಅಂದೆಯಲ್ಲ, ನಿನಗೆ ಒಂದು ವಿಷಯ ಬೇಗ ಹತ್ತುತ್ತೆ. ಮಾಮೂಲಿ ಬಿ ಫ್ಲ್ಯಾಟ್ ಕ್ಲಾರಿಯೋನೆಟ್‌ನವರಿಗೆ ನೀನು ಪೇಟಿಯ ಬಿಳಿ ಒಂದರ (ಸಿ) ಸ್ವರ ಬರೆದುಕೊಟ್ಟರೆ ಕೇಳಿಸೋದು ಅದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗಿನ ಕಪ್ಪು ಐದು (ಬಿ ಫ್ಲ್ಯಾಟ್). ಅಂದರೆ ಅವರ ಕಾಗದದಲ್ಲಿ ಎಲ್ಲವನ್ನೂ ಒಂದು ಪೂರ್ತಿ ಸ್ವರ ಮೇಲೆ ಬರೆಯಬೇಕು. ಇಂಥವು ನೂರೆಂಟಿವೆ, ಅವೇ ಈ ಕಸುಬು.

ಸಿನಿಮಾಕ್ಕೆ ಬಂದರೆ ಲೆಕ್ಕ ಇನ್ನೂ ಗಟ್ಟಿ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ದೃಶ್ಯ ಶುರುವಾಗಿ ಸರಿಯಾಗಿ 10ನೇ ಸೆಕೆಂಡಿಗೆ ಬಾಗಿಲು ಬಡಿಯುತ್ತೆ ಅಂದುಕೋ. ನಿಮಿಷಕ್ಕೆ 96 ಮಾತ್ರೆಯ ಲಯ ಇಟ್ಟರೆ 10 ಸೆಕೆಂಡಿಗೆ 16 ಮಾತ್ರೆ ಮುಗಿಯುತ್ತೆ, ತೀನ್‌ತಾಲದ ಒಂದು ಆವರ್ತನ, ಬಾಗಿಲು ಬಡಿಯೋದು ಸಮ್ ಮೇಲೇ, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆಯ ಮೇಲೇ, ಬೀಳುತ್ತೆ. 90 ಇಟ್ಟರೆ 15 ಮಾತ್ರೆಗೇ ಬಡಿದುಬಿಡುತ್ತೆ, ಸಮ್ ತಪ್ಪಿತು. ತಬಲಾದವರ ಜೊತೆ ಕೂತು ಅಭ್ಯಾಸ ಇರೋ ನಿನಗೆ ಇದು ಹೊಸದಲ್ಲ, ಅಲ್ವಾ?

ಕೋಲು ಆಡಿಸೋನು ಯಾಕೆ ಅನ್ನೋ ಮಾತು. ಚಿಕ್ಕವನಿದ್ದಾಗ ನಾನು ಕಲಬುರಗಿಯಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್ ಹಿಂದೆ ಓಡುತ್ತಿದ್ದೆ. ಕ್ಲಾರಿಯೋನೆಟ್ ಹಿಡಿದ ಮಾಸ್ತರರು ತಲೆ ಎತ್ತಿ ಒಮ್ಮೆ ನೋಡಿದರೆ ಸಾಕು, ಹಿಂದಿನ ದೊಡ್ಡ ಡ್ರಮ್ಮಿನವರೂ ಒಟ್ಟಿಗೇ ನಿಲ್ಲಿಸುತ್ತಿದ್ದರು. ಕಂಡಕ್ಟರ್ ಅಂದರೆ ಅದೇ, ಆದರೆ ನೂರು ಜನಕ್ಕೆ. ಬಲಗೈ ಲಯ ತೋರಿಸುತ್ತೆ, ಎಡಗೈ ದನಿ ಏರಿಸು, ಇಳಿಸು ಅನ್ನುತ್ತೆ. ಅಸಲು ಕೆಲಸ ಮಾತ್ರ ರಿಹರ್ಸಲ್‌ನಲ್ಲೇ ಆಗಿರುತ್ತೆ, ಯಾರ ಪಿಟೀಲು ಜಾಸ್ತಿ ಆಯಿತು, ಎಲ್ಲಿ ಉಸಿರು ತಗೋಬೇಕು ಅಂತ ಅಲ್ಲೇ ತಿದ್ದಿರುತ್ತಾರೆ. ಕಂಪ್ಯೂಟರ್‌ನಲ್ಲಿ ಈಗ ಬೇಕಾದಷ್ಟು ಕೆಲಸ ಆಗುತ್ತೆ, ಸುಳ್ಳಲ್ಲ. ಅದನ್ನೂ ಕಲಿ. ಹೊಟ್ಟೆಗೆ ಮೊದಲು ಅದೇ ಆಗೋದು.

ಇಳಯರಾಜ ಅವರ ದಾರಿ ನೋಡು. ಸ್ವಂತ ಹೆಸರಿನ ಮೊದಲ ಸಿನಿಮಾ ಬಂದಿದ್ದು 1976ರಲ್ಲಿ. ಅದಕ್ಕೆ ಮುಂಚೆ ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ವರ್ಷಗಟ್ಟಲೆ ಸಹಾಯಕರಾಗಿದ್ದರು, ಕನ್ನಡ ಸಿನಿಮಾಗಳ ಕೆಲಸವೇ ಅದರಲ್ಲಿ ಹೆಚ್ಚು. ಅದೇ ಮನುಷ್ಯ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ತಾವೇ ಬರೆದ ಸಿಂಫನಿಯನ್ನು, ಅಂದರೆ ಇಡೀ ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿಯನ್ನು, ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ನುಡಿಸಿದರು, 81ನೇ ವಯಸ್ಸಿನಲ್ಲಿ. ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ. ಅಮೆರಿಕದ ಸಿನಿಮಾ ಸಂಗೀತಗಾರ ಜಾನ್ ವಿಲಿಯಮ್ಸ್ ಕೂಡ ಹಾಗೇ. ಅಪ್ಪ ಡ್ರಮ್ ನುಡಿಸುತ್ತಿದ್ದರು. ಮಗ ವಾಯುಪಡೆಯ ಬ್ಯಾಂಡಿನಲ್ಲಿದ್ದು, ಸ್ಟುಡಿಯೋಗಳಲ್ಲಿ ಬೇರೆಯವರ ಸಂಗೀತಕ್ಕೆ ಪಿಯಾನೊ ನುಡಿಸಿ, ಆಮೇಲೆ 5 ಆಸ್ಕರ್ ಗೆದ್ದರು. 1980ರಿಂದ 1993ರ ತನಕ ಬಾಸ್ಟನ್ ಪಾಪ್ಸ್ ಆರ್ಕೆಸ್ಟ್ರಾ ನಡೆಸಿದರು. ಇಬ್ಬರೂ ಮೊದಲು ಇನ್ನೊಬ್ಬರ ಕಾಗದ ನೋಡಿ ನುಡಿಸಿದವರು. ನೀನೂ ಮೊದಲು ಯಾರದಾದರೂ ಸಹಾಯಕನಾಗು.

ಡಿಗ್ರಿ ಮಾತ್ರ ಮುಗಿಸು. ಆಮೇಲೆ ಎರಡು ಮೂರು ವರ್ಷ ಕೊಡಿ ಅಂತ ಮನೆಯಲ್ಲಿ ಕೂತು ಮಾತಾಡು, ಜಗಳ ಬೇಡ. ದುಡ್ಡು ಕೂಡಿಟ್ಟು ಒಮ್ಮೆ ಮುಂಬೈಗೆ ಹೋಗಿ ಬಾ, ಕಲಬುರಗಿಯಿಂದ ಒಂದು ರಾತ್ರಿಯ ರೈಲು. ಅಲ್ಲಿ ಎನ್‌ಸಿಪಿಎ ಅನ್ನೋ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಕಛೇರಿ ಇರೋ ದಿನ ನೋಡಿಕೊಂಡು ಹೋಗು. ಮೊಬೈಲ್‌ನಲ್ಲಿ ಕೇಳಿದ್ದು ಬೇರೆ, ಎದುರಿಗೆ ಕೂತು ಕೇಳಿದ್ದು ಬೇರೆ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತಾಳೆ, ಪಿಟೀಲು ಕಲಿಯುತ್ತಿದ್ದಾಳೆ. ಹೆಣ್ಣುಮಕ್ಕಳು ಕಂಡಕ್ಟರ್ ಆಗುತ್ತಾರಾ?
- ಒಬ್ಬ ತಾಯಿ, ಬೀದರ್

ಉತ್ತರ: ಆಗುತ್ತಾರೆ ಅಕ್ಕಾ, ಆಗಿದ್ದಾರೆ. ಮರಿನ್ ಆಲ್ಸಪ್ 2007ರಿಂದ ಅಮೆರಿಕದ ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾವನ್ನು ಕಂಡಕ್ಟರ್ ಆಗಿ ನಡೆಸಿದರು. ಐಸ್‌ಲ್ಯಾಂಡಿನ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕಿ ಹಿಲ್ದುರ್ ಗುದ್ನಾದೊತ್ತಿರ್ 2020ರಲ್ಲಿ ಸಿನಿಮಾ ಸಂಗೀತಕ್ಕೆ ಆಸ್ಕರ್ ಪಡೆದರು. ಮಗಳಿಗೆ ಕ್ವಾಯರ್ ಸಿಕ್ಕಿದ್ದು ದೊಡ್ಡ ಅದೃಷ್ಟ, ಒಂದೇ ಹಾಡನ್ನು ನಾಲ್ಕು ದನಿಯಲ್ಲಿ ಒಟ್ಟಿಗೆ ಕೇಳೋ ಅವಕಾಶ ನಮ್ಮ ಕಡೆ ಬೇರೆಲ್ಲಿ ಸಿಗಬೇಕು? ಮುಂದಿನ ಭಾನುವಾರದಿಂದ ಮೇಲಿನ ದನಿ ಬಿಟ್ಟು ಎರಡನೇ ದನಿ, ಆಲ್ಟೊ, ಹಾಡಲು ಹೇಳಿ.