ದನಿ ಒಡೆದಿದ್ದನ್ನು ಮುಚ್ಚಿಟ್ಟ ಸಂಗೀತ ಶಿಕ್ಷಕಿ

ಸಂಗೀತ ಪಾಠ ಹೇಳುವ ಹೆಣ್ಣುಮಕ್ಕಳು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದು ನಿದ್ದೆ ಇಲ್ಲ, ಸಿಟ್ಟು ಜಾಸ್ತಿ ಅಂತ. ಗಂಟಲಿನ ವಿಷಯ ಆಮೇಲೆ ಹೊರಬೀಳುತ್ತದೆ. ಈ ಶಿಕ್ಷಕಿಯೂ ಹಾಗೇ. ಬೆಳಗ್ಗೆ ಮನೆಪಾಠ, ರಾತ್ರಿ ಆನ್‌ಲೈನ್ ಕ್ಲಾಸು, ನಡುವೆ ಸಂಗೀತ ಕಛೇರಿ. ಎರಡು ತಿಂಗಳಿಂದ ದನಿ ಒಡೆದಿತ್ತು. ಯಾರಿಗೂ ಹೇಳಿರಲಿಲ್ಲ.

ಎರಡನೇ ಭೇಟಿಯಲ್ಲಿ ಬರೀ ಪಿಸುಮಾತು. ಯಾಕಮ್ಮ ಅಂದೆ.

“ಭಾನುವಾರ ಕಛೇರಿ ಇದೆ ಮೇಡಂ, ದನಿ ಉಳಿಸ್ತಿದ್ದೀನಿ.”

ಪಿಸುಗುಟ್ಟಿದರೂ ಗಂಟಲು ಬಿಗಿಯುತ್ತದೆ, ಸಹಜ ದನಿಯಲ್ಲೇ ಮೆಲ್ಲಗೆ ಮಾತಾಡಿ ಅಂದೆ. ಈ ಕಛೇರಿ ಬಿಡಿ, ಮತ್ತೆ ಹಾಡಲು ಶುರು ಮಾಡುವಾಗ ಶ್ರುತಿ, ಅಂದರೆ ಹಾಡುವ ಮಟ್ಟ, ಸ್ವಲ್ಪ ಇಳಿಸಬಹುದಲ್ವಾ ಅಂತಲೂ ಕೇಳಿದೆ. ಅವರ ಕಣ್ಣು ತುಂಬಿತು.

“ಶ್ರುತಿ ಇಳಿಸಿದ್ರೆ ಇವಳ ಗಂಟಲು ಹೋಯ್ತು ಅಂತಾರೆ. ಆಮೇಲೆ ಮಕ್ಕಳನ್ನ ಯಾರು ಕಳಿಸ್ತಾರೆ?”

ಈ ಭಯಕ್ಕೇ ಅವರು ಒತ್ತಿ ಹಾಡುತ್ತಿದ್ದರು, ಪದೇ ಪದೇ ಕ್ಯಾಕರಿಸುತ್ತಿದ್ದರು. ಈ ಎರಡರಿಂದಲೂ ಸ್ವರತಂತುಗಳಿಗೆ, ಅಂದರೆ ಗಂಟಲಲ್ಲಿ ದನಿ ಹೊರಡಿಸುವ ಮಡಿಕೆಗಳಿಗೆ, ಪೆಟ್ಟು.

ನಾನು ಗಂಗೂಬಾಯಿ ಹಾನಗಲ್ ಅವರ ಮಾತೆತ್ತಿದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಆ ದನಿಯಲ್ಲೇ ದಶಕಗಳ ಕಾಲ ಹಾಡಿದರು, 2002ರಲ್ಲಿ ಪದ್ಮವಿಭೂಷಣ ಬಂತು. ಶಿಕ್ಷಕಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಡಾಕ್ಟರ ಹತ್ತಿರ ಹೋಗಲು ಒಪ್ಪಿದರು.

ಆಪ್ತಸಲಹೆಗಾರ್ತಿಗೆ ಗಂಟಲಿನ ಉಸಾಬರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಮೂರ್ನಾಲ್ಕು ವಾರ ದಾಟಿದ ಒಡಕು ದನಿಯನ್ನು ಇಎನ್‌ಟಿ ಡಾಕ್ಟರು ಕ್ಯಾಮೆರಾ ಹಾಕಿ ನೋಡಲೇಬೇಕು. ಅದಕ್ಕೆ ಮೊದಲೇ ನಾನು ‘ಏನೂ ಆಗಲ್ಲ, ಧೈರ್ಯವಾಗಿರಿ’ ಅಂದರೆ ಅದು ಮೋಸ. ಹಾಡುತ್ತಿರುವಾಗಲೇ ದನಿ ಥಟ್ಟನೆ ನಿಂತರಂತೂ ಕಾಯಲೇಬಾರದು. ಸ್ವರತಂತುವಿನಲ್ಲಿ ರಕ್ತ ಜಿನುಗಿರಬಹುದು. ಆಗ ಹಾಡು ನಿಲ್ಲಿಸಿ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಇವರ ಸ್ವರತಂತುಗಳಲ್ಲಿ ಡಾಕ್ಟರಿಗೆ ಕಂಡದ್ದು ಸಣ್ಣ ಗಂಟುಗಳು. ಇಂಥವು ಹೆಚ್ಚಾಗಿ ಆಪರೇಷನ್ ಇಲ್ಲದೆ, ದನಿ ಚಿಕಿತ್ಸೆಯಲ್ಲೇ ಇಳಿಯುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ. ಅಲ್ಲಿಗೆ ಹೋಗಿ ಅಂದೆ. ಹೋದರು. ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ಬರುವಂತೆ ಊದುತ್ತಾ ದನಿ ಎಳೆಯುವ ಅಭ್ಯಾಸವನ್ನು ಅಲ್ಲಿನವರು ಕೊಟ್ಟರು. ಸಾಕಷ್ಟು ನೀರು ಕುಡಿಯಿರಿ, ಉಂಡ ಕೂಡಲೇ ಮಲಗಬೇಡಿ ಅಂದರು.

ನಾನು ಹೇಳಿದ್ದು ಇನ್ನೊಂದು ಕೆಲಸ. ಮಕ್ಕಳ ಅಪ್ಪ-ಅಮ್ಮಂದಿರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸುವುದು. ಆ ಮೆಸೇಜನ್ನು ನನ್ನ ಎದುರಿಗೇ ಕೂತು ಬರೆದರು: ‘ಗಂಟಲಿಗೆ ಚಿಕಿತ್ಸೆ ನಡೀತಿದೆ. ಸ್ವಲ್ಪ ದಿನ ಮಕ್ಕಳು ಹಾಡಲಿ, ನಾನು ಕೇಳಿ ತಿದ್ದುತ್ತೇನೆ.’ ಇಬ್ಬರು ಬಿಟ್ಟುಹೋದರು. ಉಳಿದವರ ಪಾಠ ನಡೆಯುತ್ತಿದೆ, ರಾತ್ರಿ ಕ್ಲಾಸು ಮಾತ್ರ ನಿಂತಿದೆ.