ಹೆಸರು ಮುಚ್ಚಿ ಓದಿದ್ದರೆ?

ಶಿರಸಿಯಿಂದ ಪತ್ರ ಬರೆದ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಥೆಯನ್ನು ನಾವು ವಾಪಸ್ ಕಳಿಸಿದೆವು. ಅದೇ ತಿಂಗಳು ಹೆಸರಾಂತ ಲೇಖಕರೊಬ್ಬರ ಸಪ್ಪೆ ಕಥೆಗೆ ನಾಲ್ಕು ಪುಟ ಕೊಟ್ಟೆವು. ‘ಹೆಸರು ಮುಚ್ಚಿ ಓದಿದ್ದರೂ ಅದನ್ನು ಹಾಕುತ್ತಿದ್ದಿರಾ?’ ಎಂದು ಕೇಳಿದ್ದೀರಿ. ನಿನ್ನೆ ಆ ಕಥೆಯನ್ನು ಮತ್ತೆ ಓದಿದೆ. ಇಲ್ಲ, ಹಾಕುತ್ತಿರಲಿಲ್ಲ.

ನೀವು ಪತ್ರದ ಜೊತೆ ಇಟ್ಟಿದ್ದ ನಿಮ್ಮ ಕಥೆಯ ಪ್ರತಿಯನ್ನೂ ನೋಡಿದೆ. ಅದರಲ್ಲಿ ಅಪ್ಪ ಗದ್ದೆಯ ಬದುವಿನ ಮೇಲೆ ಮಾತಾಡುತ್ತಾ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾನೆ. ಪಕ್ಕದಲ್ಲಿ ನನ್ನದೇ ಪೆನ್ಸಿಲ್ ಅಕ್ಷರ: ‘ಇಲ್ಲಿ ಸ್ಪಷ್ಟವಿಲ್ಲ.’ ಆ ದೊಡ್ಡವರ ಕಥೆಯಲ್ಲೂ ಅಜ್ಜಿಯೊಬ್ಬಳು ಹಾಗೇ ಸುಮ್ಮನಾಗುತ್ತಾಳೆ. ಅಲ್ಲಿ ನಾನು ಏನೂ ಗೀಚಲಿಲ್ಲ. ‘ಏನೋ ಒಳಾರ್ಥ ಇರಬೇಕು’ ಎಂದುಕೊಂಡು ಮುಂದೆ ಓದಿದ್ದು ನೆನಪಿದೆ. ಎರಡೂ ಕಡೆ ಇದ್ದದ್ದು ಒಂದೇ ಥರದ ಮೌನ. ಇದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅಮೆರಿಕದ ಪೀಟರ್ಸ್ ಮತ್ತು ಸೆಸಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ವಿಶ್ವವಿದ್ಯಾಲಯಗಳವರು ಬರೆದು ಆಗಲೇ ಅಚ್ಚಾಗಿದ್ದ 12 ಸಂಶೋಧನಾ ಲೇಖನಗಳನ್ನು ಅವರು ಆರಿಸಿಕೊಂಡರು. ಲೇಖಕರ ಹೆಸರು, ಸಂಸ್ಥೆಯ ಹೆಸರು ಬದಲಿಸಿ, ಯಾರೂ ಕೇಳಿರದ ಹೆಸರು ಹಾಕಿ, ಅವು ಅಚ್ಚಾಗಿದ್ದ ಪತ್ರಿಕೆಗಳಿಗೇ ಮತ್ತೆ ಕಳಿಸಿದರು. 3 ಮಾತ್ರ ಸಿಕ್ಕಿಬಿದ್ದವು. ಉಳಿದ 9ರಲ್ಲಿ 8 ತಿರಸ್ಕಾರವಾದವು. ‘ಇದು ಮೊದಲೇ ಬಂದಿದೆ’ ಅಂತಲ್ಲ, ಹಲವಕ್ಕೆ ಕೊಟ್ಟ ಕಾರಣ ಸಂಶೋಧನೆಯ ವಿಧಾನದಲ್ಲೇ ದೋಷವಿದೆ ಅಂತ! ಆ ಪರಿಶೀಲಕರೂ ಬೇಕಂತ ಹಾಗೆ ಮಾಡಿರಲಾರರು. ಹೆಸರು ಬದಲಾದಾಗ ಅವರ ಕಣ್ಣು ಹುಡುಕಿದ್ದೇ ಬೇರೆಯಾಗಿರಬೇಕು.

‘ಇದು ಗೊತ್ತಿದ್ದರೆ ಎಚ್ಚರ ವಹಿಸಬಹುದಲ್ಲ’ ಎಂದು ನೀವು ಕೇಳಬಹುದು. ನಾನೂ ಹಾಗೇ ನಂಬಿದ್ದೆ. ಈ ಹುಣ್ಣಿಮೆಗೆ ಒಂದು ಕೆಲಸ ಮಾಡಿ. ಚಂದ್ರ ಹುಟ್ಟುವಾಗ, ಅಡಿಕೆ ಮರಗಳ ಸಂದಿಯಲ್ಲಿ ಹರಿವಾಣದಷ್ಟು ದೊಡ್ಡದಾಗಿ ಕಾಣುತ್ತಾನಲ್ಲ, ಆಗ ಒಂದು ಕಣ್ಣು ಮುಚ್ಚಿ, ತೋಳು ಪೂರ್ತಿ ಚಾಚಿ ಕಿರುಬೆರಳಿನ ಉಗುರನ್ನು ಅಡ್ಡ ಹಿಡಿಯಿರಿ. ಪೂರಾ ಮುಚ್ಚಿಹೋಗುತ್ತಾನೆ. ನಡುರಾತ್ರಿ ನೆತ್ತಿಯ ಮೇಲೆ ಬಂದಾಗಲೂ ಅದೇ ಉಗುರು ಸಾಕು. ಚಂದ್ರ ಬೆಳೆದೂ ಇಲ್ಲ, ಕುಗ್ಗಿಯೂ ಇಲ್ಲ. ಕೈ ಇಳಿಸಿದರೆ ಮಾತ್ರ ಮರಗಳ ಹಿಂದಿನ ಚಂದ್ರ ಮತ್ತೆ ದೊಡ್ಡವನೇ! ಗೊತ್ತಿದ್ದರೂ ಕಣ್ಣು ಕೇಳುವುದಿಲ್ಲ. ಆದರೆ ಕಾಗದ ಸುತ್ತಿ ಕೊಳವೆ ಮಾಡಿ, ಮರ, ಬಯಲು ಯಾವುದೂ ಕಾಣದ ಹಾಗೆ ಒಂದೇ ಕಣ್ಣಿನಲ್ಲಿ ನೋಡಿದರೆ ಹೆಚ್ಚಿನವರಿಗೆ ಅವನು ಚಿಕ್ಕವನಾಗಿಯೇ ಕಾಣುತ್ತಾನೆ.

ನಮ್ಮ ಕಚೇರಿಗೂ ಅಂಥ ಕೊಳವೆ ಬೇಕು. ಬರುವ ತಿಂಗಳಿಂದ ನಮ್ಮ ಸಹಾಯಕರು ಪ್ರತಿ ಕಥೆಯ ಹೆಸರು, ವಿಳಾಸ ತೆಗೆದು ಬರೀ ನಂಬರ್ ಹಾಕಿ ಕೊಡುತ್ತಾರೆ. ಇಬ್ಬರು ಓದುತ್ತೇವೆ, ಬೇರೆ ಬೇರೆ ಕ್ರಮದಲ್ಲಿ. ಯಾಕೆಂದರೆ ಸತತ ಮೂರು ಕೆಟ್ಟ ಕಥೆ ಓದಿದ ಮೇಲೆ ಬರುವ ಸಾಧಾರಣ ಕಥೆಯೂ ಜಾಸ್ತಿ ಚೆನ್ನಾಗಿ ಕಾಣುತ್ತದೆ. ಇದನ್ನು ವರ್ಷಗಳ ಹಿಂದೆಯೇ ಮಾಡಬೇಕಿತ್ತು. ಕ್ಷಮಿಸಿ.

ನಿಮ್ಮ ಕಥೆಯನ್ನು ಮತ್ತೆ ಓದಿಸಬೇಕೆಂದಿದ್ದೇನೆ, ಆದರೆ ತೀರ್ಮಾನ ನನ್ನದಾಗಬಾರದು. ಈಗ ನಾನು ಓದಿದರೆ ನಿಮ್ಮ ಪತ್ರವೂ, ನನ್ನ ಸಂಕಟವೂ ಅದರ ಪಕ್ಕದಲ್ಲೇ ಕೂತಿರುತ್ತವೆ, ಅಲ್ವಾ? ಈ ವಿಷಯ ಏನೂ ಗೊತ್ತಿಲ್ಲದ ಇಬ್ಬರಿಗೆ ಕೊಡಿಸುತ್ತೇನೆ. ಈಗಿರುವ ಪ್ರತಿಯಲ್ಲಿ ನನ್ನ ಪೆನ್ಸಿಲ್ ಗುರುತು ಇದೆ. ದಯವಿಟ್ಟು ಹೊಸ ಪ್ರತಿ ಕಳಿಸಿಕೊಡಿ.

– ಸಂಪಾದಕ