ಕೂಡದ ಮೂಳೆ, ಹೇಳದ ಮಾತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ನಲವತ್ತರ ಆಸುಪಾಸಿನವರು. ಮೊಣಕಾಲ ಕೆಳಗಿನ ಮೂಳೆ ಮುರಿದು, ರಾಡ್ ಹಾಕಿಸಿಕೊಂಡು 10 ತಿಂಗಳಾಗಿತ್ತು. ಕೂತವರೇ ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ನನ್ನ ಮೇಜಿನ ಮೇಲೆ ಸಾಲಾಗಿ ಹರಡಿದರು. ಐದರಲ್ಲೂ ಮೂಳೆ ಮುರಿದಲ್ಲಿ ಅದೇ ಕಪ್ಪು ಗೆರೆ. ಅದರ ಮೇಲೆ ಬೆರಳಿಟ್ಟು, "ಮೇಡಂ, ಇದು ಹೋಗ್ತಾನೇ ಇಲ್ಲ" ಎಂದರು.

"ಕಾಲೂರಬೇಡಿ ಅಂತ ಬಡ್ಕೊಂಡೆ. ಕೇಳ್ಲಿಲ್ಲ," ಅಂದರು ಹೆಂಡತಿ.

ಗಂಡ ತಲೆ ತಗ್ಗಿಸಿದರು. ತಪ್ಪು ತನ್ನದೇ ಎಂದು ನಂಬಿ ನಿದ್ದೆಗೆಟ್ಟಿದ್ದರು. ಎರಡನೇ ಆಪರೇಷನ್‌ಗೆ ರಾಡ್ ಹಾಕಿದ ಡಾಕ್ಟರು ಕರೆದಿದ್ದರೂ ಹೋಗಿರಲಿಲ್ಲ.

9 ತಿಂಗಳಾದರೂ ಮೂಳೆ ಕೂಡದೆ, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಸುಧಾರಣೆ ಕಾಣದಿದ್ದರೆ ಸಾಮಾನ್ಯವಾಗಿ ಅದನ್ನು ನಾನ್‌ಯೂನಿಯನ್ ಎನ್ನುತ್ತಾರೆ. ಕಾರಣ ಒಂದೇ ಇರುವುದು ಕಡಿಮೆ. ಮುರಿದ ತುದಿಗಳು ಅತಿಯಾಗಿ ಅಲುಗಾಡಿರಬಹುದು, ನಡುವೆ ಸಂದು ಉಳಿದಿರಬಹುದು, ಒಳಗೆ ಸೋಂಕಿರಬಹುದು. ಸಕ್ಕರೆ ಕಾಯಿಲೆ, ವಿಟಮಿನ್ ಡಿ ಕೊರತೆಯೂ ಕೈಜೋಡಿಸುತ್ತವೆ. ಅದರಲ್ಲೂ ಈ ಮೂಳೆಯ ಕೆಳಭಾಗಕ್ಕೆ ಮಾಂಸಖಂಡದ ಹೊದಿಕೆ ತೆಳು, ರಕ್ತ ಹರಿಯುವುದೇ ಕಮ್ಮಿ. ರಾಡ್ ಇರುವಾಗ ಹದವಾದ ಭಾರ ಮೂಳೆಗೆ ಒಳ್ಳೆಯದೇ. ಎಷ್ಟು ಎಂಬುದನ್ನು ಡಾಕ್ಟರು ಹೇಳಬೇಕು. ಇದನ್ನು ಇಬ್ಬರಿಗೂ ನಿಧಾನವಾಗಿ ಹೇಳಿದೆ, ಏಕೆಂದರೆ ತಪ್ಪಿತಸ್ಥನೆಂದು ಕುಗ್ಗಿದವನು ಮುಖ್ಯವಾದುದನ್ನೇ ಮುಚ್ಚಿಡುತ್ತಾನೆ.

ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಬಾಗಿಲು ಮುಚ್ಚಿದ ಮೇಲೆ ಮಾತು ಬಂತು: "ದಿನಕ್ಕೆ ಏಳೆಂಟು ಸಿಗರೇಟು. ಡಾಕ್ಟರಿಗೆ ಬಿಟ್ಟೆ ಅಂದಿದ್ದೀನಿ."

ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಮೊದಲೇ ರಕ್ತ ಸಾಲದ ಜಾಗ ಅದು. ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ನಿಜ ಹೇಳಲೇಬೇಕು ಎಂದೆ. ತಾವಾಗಿಯೇ ನುಂಗುತ್ತಿದ್ದ ನೋವಿನ ಮಾತ್ರೆಗಳ ಹೆಸರನ್ನೂ ಬರೆದುಕೊಂಡು ಹೋಗಿ. ಕೆಲವನ್ನು ಬಹಳ ದಿನ ತಗೊಂಡರೆ ಮೂಳೆ ಕೂಡುವುದು ತಡವಾಗಬಹುದು. ಸಿಗರೇಟಿನ ಬದಲು ನಿಕೋಟಿನ್ ಚೂಯಿಂಗ್ ಗಮ್ ಬೇಕಾದರೆ ಕೇಳಿಯೇ ತೊಗೊಳ್ಳಿ. ಇನ್ನೆರಡು ಪ್ರಶ್ನೆ ಕೇಳಿ: ಸೋಂಕಿಲ್ಲ ಎಂದು ಖಚಿತವಾಗಿದೆಯೇ? ಮುರಿದ ಜಾಗದಲ್ಲಿ ಹೊಸ ಮೂಳೆ ಬೆಳೆದಿದೆಯೇ? ಬೆಳೆದೂ ಕೂಡದಿದ್ದರೆ ಸಾಮಾನ್ಯವಾಗಿ ಇನ್ನೂ ಬಿಗಿಯಾದ ಆಧಾರ ಸಾಕು. ಬೆಳೆದೇ ಇಲ್ಲದಿದ್ದರೆ ಸೊಂಟದ ಮೂಳೆಯಿಂದ ಚೂರು ತೆಗೆದು ಕಸಿ ಮಾಡಬೇಕಾಗಬಹುದು.

ಹೆಂಡತಿಗೆ ತಾವೇ ಹೇಳುತ್ತೇನೆಂದರು. ಒಳಗೆ ಕರೆದೆ. ಅವರು ಅರ್ಧ ಹೇಳುವಷ್ಟರಲ್ಲೇ ಆಕೆ ಎಕ್ಸ್‌ರೇಗಳನ್ನು ಜೋಡಿಸಿ ಕವರಿಗೆ ಹಾಕುತ್ತಾ, "ವಾಸನೆ ಗೊತ್ತಾಗ್ತಿತ್ತು. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ" ಎಂದರು.